ಪರ್ವರಿಯಲ್ಲಿ ನಾಯಿ ಬಿಡುವ ಜಾಗ

ಗೋವಾದ ಪರ್ವರಿಗೆ ಬಂದು ವಾರ ತುಂಬಿರಲಿಲ್ಲ, ಒಬ್ಬ ಹೆಂಗಸು ನಡುರಸ್ತೆಯಲ್ಲಿ ನನ್ನನ್ನು ನಿಲ್ಲಿಸಿ ಬೈದಳು. ಬೈಗುಳವೆಲ್ಲ ಕೊಂಕಣಿ, ನನಗೆ ಒಂದಕ್ಷರ ತಿಳಿಯದು. ನನ್ನ ಕೈಯಲ್ಲಿದ್ದ ಹಗ್ಗ ತೋರಿಸಿದಳು, ಹಗ್ಗದ ಆ ತುದಿಯಲ್ಲಿದ್ದ ನಮ್ಮ ನಾಯಿಯ ಪಕ್ಕೆಲುಬು ತೋರಿಸಿದಳು, ಹೊಟ್ಟೆ ತಟ್ಟಿಕೊಂಡಳು. ಆಮೇಲೆ ತನ್ನ ಚೀಲದಿಂದ ಒಂದು ಪಾವ್ ತೆಗೆದು ನಾಯಿಯ ಮುಂದೆ ಹಾಕಿದಳು. ಪಾವ್ ಎಂದರೆ ಇಲ್ಲಿನ ಬ್ರೆಡ್ಡು. ನಮಗೆ ಜೋಳದ ರೊಟ್ಟಿ ಹೇಗೋ ಇವರಿಗೆ ಅದು ಹಾಗೆ. ನಾಯಿ ಮೂಸಿ ಮುಖ ತಿರುಗಿಸಿತು. ಅದಕ್ಕೂ ನನಗೇ ಬೈಗುಳ ಬಿತ್ತು.

ಸಂಜೆ ಪಕ್ಕದ ಕೋಣೆಯ ದಸ್ತಗೀರಣ್ಣನಿಗೆ ಹೇಳಿದೆ. ಬೆಳಗಾವಿಯಿಂದ ತರಕಾರಿ ತರುವ ಲಾರಿಯ ಡ್ರೈವರ್ ಅವನು, ಗೋವಾದ ನೀರು ನಮಗಿಂತ ಮೊದಲು ಕುಡಿದವನು. ನಕ್ಕುಬಿಟ್ಟ. "ನಾಯಿಗೆ ಕೂಳ ಹಾಕದ ಸಾಯಸಾಕತ್ತೀರಿ ಅಂತ ತಿಳಕೊಂಡಾಳ ತಂಗಿ. ಘಾಂಟಿ ಮಂದಿ ಹಿಂಗ ಅಂತ ಬೈದಿರಬೇಕು."

ಘಾಂಟಿ ಎಂದರೆ ಘಟ್ಟ ಇಳಿದು ಬಂದವರು. ಅರ್ಥದಲ್ಲಿ ತಪ್ಪೇನಿಲ್ಲ, ಘಟ್ಟ ಇಳಿದೇ ಬಂದಿದ್ದೇವೆ. ಆದರೆ ಅದನ್ನು ಹೇಳುವಾಗ ಇವರ ಮೂಗು ಸೊಟ್ಟಗಾಗುತ್ತದೆ, ಅರ್ಥವೆಲ್ಲ ಅಲ್ಲೇ ಇರುವುದು.

ನಮ್ಮ ನಾಯಿ ಚಿಗರಿಯ ಪಕ್ಕೆಲುಬು ಕಾಣುತ್ತಿದ್ದದ್ದು ನಿಜ. ಅವಳ ಅವ್ವನದೂ ಕಾಣುತ್ತಿತ್ತು, ಅಜ್ಜಿಯದೂ. ಮುಧೋಳದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಬೇಟೆನಾಯಿಯ ಸೊಂಟ ಸಣ್ಣಗಿದ್ದಷ್ಟೂ ಹೊಗಳಿಕೆ. ದಪ್ಪಗಿದ್ದರೆ "ಎಮ್ಮಿ ಸಾಕೀರೇನು" ಎಂದು ನಗುತ್ತಾರೆ. ನಾವು ಗಂಡ ಹೆಂಡತಿ ಕೆಲಸ ಹುಡುಕಿಕೊಂಡು ಗೋವಾಕ್ಕೆ ಹೊರಟಾಗ ಅಪ್ಪ ಈ ಮರಿಯನ್ನು ನನ್ನ ಉಡಿಯಲ್ಲಿ ಹಾಕಿದ್ದ. "ಪರವೂರಾಗ ಗುರುತಿನ ಜೀವ ಒಂದಿರ್ಲಿ. ಹೊಟ್ಟಿಗೆ ಒಂದಿನ ಕಡಿಮಿ ಆದ್ರೂ ನಡೀತೈತಿ. ಆದ್ರ ದಿನಕ್ಕೊಮ್ಮಿ ಕೊಳ್ಳಾಗಿನ ಹಗ್ಗ ತಗದು ಬಿಡಬೇಕು. ಕಟ್ಟಿ ಹಾಕಿದ್ರ ಈ ಜಾತಿ ಬದುಕಂಗಿಲ್ಲ ನೋಡವಾ" ಎಂದಿದ್ದ. ನಾನು ಹೂಂ ಅಂದೆ. ಮನೆ ಹಿಂದೆಯೇ ಕಣ್ಣು ಹರಿಯುವಷ್ಟು ದೂರ ಎರೆಹೊಲ ಕಂಡು ಬೆಳೆದವಳಿಗೆ, ನಾಯಿ ಬಿಡಲು ಜಾಗ ಹುಡುಕಬೇಕಾಗುತ್ತದೆ ಎಂದರೆ ಹೇಗೆ ಹೊಳೆಯಬೇಕು?

ನಾವು ಹಿಡಿದ ಕೋಣೆ ಒಂದು ಹಳೆಯ ಹಂಚಿನ ಬಂಗಲೆಯ ಹಿತ್ತಿಲಲ್ಲಿತ್ತು. ಒಡತಿ ಒಬ್ಬ ಕ್ರಿಶ್ಚಿಯನ್ ವಿಧವೆ. ಎಲ್ಲರೂ ಆಂಟಿ ಅನ್ನುತ್ತಾರೆ, ನಾವೂ ಅಂದೆವು. ನಮ್ಮ ಮನೆಯವರು ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದರು, ನಾನು ಹೊಸ ಫ್ಲ್ಯಾಟುಗಳಲ್ಲಿ ಪಾತ್ರೆ ನೆಲ ನೋಡಿಕೊಳ್ಳುತ್ತಿದ್ದೆ. ಆಂಟಿಯ ನಾಯಿಗಳು ಅಂಗಳದಲ್ಲಿ ಬಿದ್ದುಕೊಂಡಿರುತ್ತಿದ್ದವು. ಇಲ್ಲಿ ಪ್ರತಿ ಕೇರಿಗೂ ಅದರದೇ ನಾಯಿಗಳಿವೆ, ಒಂದರ ಕೊರಳಲ್ಲೂ ಹಗ್ಗವಿಲ್ಲ. ಬಸ್ಸು ಬಂದು ಹಾರನ್ ಹೊಡೆದರೂ ರಸ್ತೆ ಬಿಟ್ಟು ಏಳುವುದಿಲ್ಲ. ಎಲ್ಲಿಗೂ ಹೋಗದ ನಾಯಿಗೆ ಹಗ್ಗ ಬೇಡ, ಓಡುವ ನಾಯಿಗೆ ಬೇಕು. ಈ ನ್ಯಾಯ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಚಿಗರಿಯನ್ನು ಬಿಡಲು ಮೊದಲು ಪಣಜಿಯ ಒಂದು ತೋಟಕ್ಕೆ ಹೋದೆವು. ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಕಾವಲುಗಾರ ಸೀಟಿ ಊದಿದ. ಹತ್ತಿರ ಬಂದು ನಮ್ಮ ಮಾತು ಕೇಳಿದವನೇ ಮುಖ ಅರಳಿಸಿದ. "ನಮ್ಮ ಕಡಿಯವರೇನ್ರಿ? ನಮ್ದು ಬಾಗೇವಾಡಿ." ಊರು, ಮಳೆ, ಜೋಳ ಎಲ್ಲ ವಿಚಾರಿಸಿಕೊಂಡ. ಕೊನೆಗೆ, "ನಮ್ಮವರ ಅದೀರಿ ಅಂತ ಮರ್ಯಾದಿಲೆ ಹೇಳಾಕತ್ತೇನ್ರಿ ಅಕ್ಕಾರ, ನಾಯಿ ತಗೊಂಡು ಹೊರಗ ನಡೀರಿ" ಎಂದ. ಬೇರೆಯವನಾಗಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ.

ಭತ್ತದ ಕೊಯ್ಲು ಮುಗಿದಾಗ ಗುಡ್ಡದ ಕೆಳಗಿನ ಗದ್ದೆಗಳು ಬರಿದಾದವು. ನೋಡಿ ನನಗೆ ಜೀವ ಬಂದಂತಾಯಿತು. ನಮ್ಮಲ್ಲಿ ಸುಗ್ಗಿ ಮುಗಿದ ಹೊಲ ಎಲ್ಲರದೂ. ಯಾರ ಕುರಿಯಾದರೂ ಮೇಯಬಹುದು. ರಾತ್ರಿ ಕುರಿ ತರುಬಿ ನಿಲ್ಲಿಸಿದರೆ ಗೊಬ್ಬರ ಬಿತ್ತೆಂದು ಹೊಲದವನೇ ಕುರುಬನಿಗೆ ಕಾಳು ಕೊಡುತ್ತಾನೆ. ಅದೇ ಲೆಕ್ಕದಲ್ಲಿ ಯಾರನ್ನೂ ಕೇಳದೆ ಹಗ್ಗ ತೆಗೆದೆ. ಚಿಗರಿ ಬಾಣದ ಹಾಗೆ ಹೋದಳು. ಬದು ಹಾರಿ, ಇನ್ನೊಂದು ಬದು ಹಾರಿ, ತಿರುಗಿ ಬಂದು ಮತ್ತೆ ಹೋದಳು. ಗೋವಾಕ್ಕೆ ಬಂದ ಮೇಲೆ ನಾನು ಬಾಯಿ ತುಂಬ ನಕ್ಕದ್ದು ಅವತ್ತೇ ಇರಬೇಕು.

"ಸುಣೆಂ ಬಾಂದ್! ಹೆಂ ಮ್ಹಜೆಂ ಶೆತ್!"

ನಾಯಿ ಕಟ್ಟು, ಇದು ನನ್ನ ಗದ್ದೆ ಎಂದು ಕೂಗುತ್ತ ಓಡಿ ಬಂದವಳು ನಮ್ಮ ಆಂಟಿಯೇ. ಇಲ್ಲಿ ಭತ್ತ ಕೊಯ್ದ ಮೇಲೆ ಹಸಿಮಣ್ಣಿನ ತೇವದಲ್ಲೇ ಅಲಸಂದೆ ಊರುತ್ತಾರೆ. ಎರಡೆಲೆ ಆಗತಾನೆ ಒಡೆದಿದ್ದವು. ಕೂಳೆಯ ನಡುವೆ ಅವು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಸಾಲು ಸಾಲು ಕಿತ್ತು ಬಿದ್ದಿದ್ದವು. "ಸುಗ್ಗಿ ಮುಗದೈತಲ್ಲರಿ ಆಂಟಿ" ಎಂದು ನಾನು ಕನ್ನಡದಲ್ಲಿ ಒದರಿದೆ, ಅವಳಿಗೆ ಅದು ತಿಳಿಯಲಿಲ್ಲ. ತಿಳಿದಿದ್ದರೂ ಅಲಸಂದೆ ಎದ್ದು ನಿಲ್ಲುತ್ತಿತ್ತೇ?

ಮರುದಿನ ಆಂಟಿಯ ಜೊತೆ ಕುಳಿತು ಕಾಳು ಮತ್ತೆ ಊರಿಕೊಟ್ಟೆ. ಬೈಯುತ್ತಲೇ ಮಧ್ಯಾಹ್ನ ಅನ್ನ, ತೆಂಗು ಅರೆದ ಮೀನಿನ ಸಾರು ಬಡಿಸಿದಳು. ಸಮುದ್ರದ ಮೀನು ಅದೇ ಮೊದಲು, ಗಂಟಲಲ್ಲಿ ಇಳಿಯಲಿಲ್ಲ. ಈಗ ವಾರಕ್ಕೊಮ್ಮೆಯಾದರೂ ಆ ಸಾರಿಲ್ಲದಿದ್ದರೆ ನನ್ನ ನಾಲಿಗೆ ಕೇಳುವುದಿಲ್ಲ. ಆದರೆ ಚಿಗರಿ ವಿಷಯದಲ್ಲಿ ಆಂಟಿ ಕರಗಲಿಲ್ಲ. ಕಟ್ಟಿದರೆ ಇರಿ, ಬಿಟ್ಟರೆ ಕೋಣೆ ಖಾಲಿ ಮಾಡಿ ಎಂದಳು.

ಕೊನೆಗೆ ಜಾಗ ಕಂಡುಹಿಡಿದವರು ನಮ್ಮ ಮನೆಯವರು. ಗುಡ್ಡದ ನೆತ್ತಿಯ ಮೇಲೆ ಚಪ್ಪಟೆ ಕೆಂಪುಕಲ್ಲಿನ ಬಯಲು, ಇವರ ಮಾತಿನಲ್ಲಿ ಸಡೊ. ಬಿತ್ತಲು ಮಣ್ಣಿಲ್ಲ, ಹಾಗಾಗಿ ಯಾರೂ ಕೂಗುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಹೋಗುತ್ತಿದ್ದೆವು. ಚಿಗರಿ ಓಡುವಾಗ ನಮ್ಮ ಮನೆಯವರು ಕಲ್ಲಿನ ಮೇಲೆ ಕುಳಿತು ಬೀಡಿ ಸೇದುತ್ತ ಊರಿನ ಸುದ್ದಿ ತೆಗೆಯುತ್ತಿದ್ದರು. ಕೋಣೆಯಲ್ಲಿ ಅವರು ಅಷ್ಟು ಮಾತಾಡಿದ್ದಿಲ್ಲ. ಒಂದು ಚಳಿಗಾಲ, ಒಂದು ಬೇಸಿಗೆ ನಾವು ಮೂವರೂ ಅಲ್ಲಿ ಬದುಕಿದೆವು.

ಒಂದು ಸಂಜೆ ಊಟಕ್ಕೆ ಕುಳಿತವರು ರೊಟ್ಟಿ ಮುರಿಯದೆ ಹೇಳಿದರು. "ನಾಳಿಯಿಂದ ಸಡೊ ಮ್ಯಾಲೆ ಕೆಲಸ. ದಿಲ್ಲಿಯವರು ಯಾರೋ ತಗೊಂಡಾರಂತ. ಕಂಪೌಂಡ್ ಗ್ವಾಡಿ."

"ಬ್ಯಾರೆ ಕೆಲಸ ಹಿಡೀರಿ."

"ನಾ ಕಟ್ಟಲಿಲ್ಲಂದ್ರ ಇನ್ನೊಬ್ಬ ಗೌಂಡಿ ಕಟ್ತಾನ. ಬಾಡಗಿ ನಿನ್ನ ನಾಯಿ ಕೊಡ್ತೈತೇನು?"

ಸಿಟ್ಟು ಬಂತು. ಆದರೆ ಅವರ ಮಾತಿನಲ್ಲಿ ಸುಳ್ಳೇನಿತ್ತು? ಗೋಡೆ ಏಳುತ್ತಿದ್ದಷ್ಟು ದಿನವೂ ಚಿಗರಿ ಒಳಗೇ ಓಡಿದಳು. ಮೊದಲು ಪಾಯದ ಸಾಲು ಹಾರುತ್ತಿದ್ದಳು. ಆಮೇಲೆ ಗೋಡೆಯವರೆಗೆ ಹೋಗಿ ಸರ್ರನೆ ತಿರುಗುವುದು ಕಲಿತಳು. ನಮ್ಮ ಮನೆಯವರು ಗೇಟಿನ ಬಾಯಿಯನ್ನು ಮುಚ್ಚಲು ಏನೇನೋ ನೆಪ ಹೇಳಿ ತಡಮಾಡಿದರು. ಒಂದು ದಿನ ಕಬ್ಬಿಣದ ಗೇಟೂ ಬಂತು, ಬೀಗವೂ ಬಂತು.

ಆಮೇಲೆ ಮಳೆ. ಊರಲ್ಲಿ ಮಳೆ ಬಂದರೆ ಹಬ್ಬ, ಇಲ್ಲಿ ಬಟ್ಟೆಗೂ ಗೋಡೆಗೂ ಬೂಸಲು ಹಿಡಿಸುವ ಕಾಟ. ಚಿಗರಿ ಹಂಚಿನ ಚಾವಣಿಯ ಕೆಳಗೆ ಕಟ್ಟಿದಲ್ಲೇ ಇದ್ದಳು. ಉಗುರು ಬೆಳೆದು ಬಾಗಿದವು. ಮುಂಗಾಲನ್ನು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡಳು. ಮೊದಲು ನಾನು ಹಗ್ಗ ಹಿಡಿದರೆ ಕುಣಿಯುತ್ತಿದ್ದವಳು, ಬರಬರುತ್ತ ಕಣ್ಣು ಮಾತ್ರ ಎತ್ತುತ್ತಿದ್ದಳು. ರಸ್ತೆಯ ಹೆಂಗಸು ಅಂದಿದ್ದ ಮಾತು ಈಗ ನಿಜವಾಗುತ್ತಿತ್ತು. ನಾವು ನಿಜಕ್ಕೂ ಅವಳನ್ನು ಸಾಯಿಸುತ್ತಿದ್ದೆವು.

ಮಳೆ ನಿಂತ ಮೇಲೆ ದಸ್ತಗೀರಣ್ಣ ತನ್ನ ಖಾಲಿ ಲಾರಿಯಲ್ಲಿ ನಮ್ಮನ್ನು ಬೆಳಗಾವಿ ಮುಟ್ಟಿಸಿದ, ಅಲ್ಲಿಂದ ಮುಂದಕ್ಕೆ ಗೆಳೆಯನ ಟೆಂಪೋ ಮಾಡಿಕೊಟ್ಟ. ಮನೆ ಮುಟ್ಟಿದರೆ ಓಣಿಯವರೆಲ್ಲ "ಗೋವಾದಕಿ ಬಂದ್ಲು" ಎಂದರು. ಅಲ್ಲಿ ಘಾಂಟಿ, ಇಲ್ಲಿ ಗೋವಾದಕಿ. ಅವ್ವನ ಅಡುಗೆಯಲ್ಲಿ ನನಗೆ ತೆಂಗಿನಕಾಯಿ ನೆನಪಾಯಿತು, ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ, ನಮ್ಮ ಮನೆಯವರು, ನಾನು ಚಿಗರಿಯನ್ನು ಹೊಲಕ್ಕೆ ಕರೆದೊಯ್ದೆವು. ಹೆಸರಿನ ಬೆಳೆ ಕಿತ್ತು ಮುಗಿದ ಹೊಲ, ಅದರಾಚೆ ಇನ್ನೊಬ್ಬರದು, ಆಚೆ ಮತ್ತೊಬ್ಬರದು, ಎಲ್ಲ ಬರಿದು. ಅಪ್ಪನೇ ಹಗ್ಗ ತೆಗೆದ. "ಹೋಗವಾ ಹೋಗು" ಎಂದು ಬೆನ್ನು ತಟ್ಟಿದ.

ಚಿಗರಿ ನಿಂತಳು. ಗಾಳಿ ಮೂಸಿದಳು. ಆಮೇಲೆ ಓಡಿದಳು. ನನಗೆ ಅಳು ಬಂತು. ಓಡಿದಳು, ಓಡಿದಳು, ಒಂದು ಕಡೆ ಸರ್ರನೆ ತಿರುಗಿದಳು. ಅಲ್ಲಿ ಬೇಲಿ ಇರಲಿಲ್ಲ, ಬದುವೂ ಇರಲಿಲ್ಲ. ಬಲಕ್ಕೆ ಅಷ್ಟೇ ದೂರ ಹೋಗಿ ಮತ್ತೆ ತಿರುಗಿದಳು. ಎಷ್ಟು ಸಲ ಅಟ್ಟಿದರೂ ಅದೇ ಚೌಕ. ಆಮೇಲೆ ಬಂದು ಅಪ್ಪನ ಮುಂದೆ ಕುಳಿತು ಹಗ್ಗಕ್ಕೆ ಕೊರಳು ನೀಡಿದಳು.

"ಯಾಕ ಹಿಂಗ ತಿರಗಾಕತ್ತಾಳ? ಅಲ್ಲೇನು ಗ್ವಾಡಿ ಐತೇನು?" ಅಪ್ಪ ಕೇಳಿದ.

ನಮ್ಮ ಮನೆಯವರು ಆ ಬರಿಹೊಲದ ಕಡೆಗೇ ನೋಡುತ್ತಿದ್ದರು. "ಐತ್ರಿ ಮಾವಾರ. ನಾನ ಕಟ್ಟೇನಿ" ಎಂದರು.

ಅವಳನ್ನು ಅಪ್ಪನ ಹತ್ತಿರವೇ ಬಿಟ್ಟು ನಾವಿಬ್ಬರೂ ಗೋವಾಕ್ಕೆ ಮರಳಿದೆವು. ಮರೆಯುತ್ತಾಳೆ ಎಂದು ಅಪ್ಪ ಹೇಳಿದ್ದ. ರಸ್ತೆಯ ಕಾಯಿನ್ ಫೋನಿನಿಂದ ಮಾತಾಡುವಾಗ ಮೊದಮೊದಲು ಕೇಳುತ್ತಿದ್ದೆ, "ಇನ್ನೂ ಅಲ್ಲೇ ತಿರಗತಾಳವಾ" ಎನ್ನುತ್ತಿದ್ದ. ಈಗ ಕೇಳುವುದಿಲ್ಲ. ಸಡೊದ ಮೇಲೆ ದಿಲ್ಲಿಯವರು ಇನ್ನೂ ಏನೂ ಕಟ್ಟಿಲ್ಲ. ಬೀಗ ತುಕ್ಕು ಹಿಡಿದಿದೆ, ಒಳಗೆಲ್ಲ ಹುಲ್ಲು. ಫ್ಲ್ಯಾಟಿನ ಕೆಲಸಕ್ಕೆ ಹೋಗುವ ದಾರಿ ಆ ಗೋಡೆಯ ಪಕ್ಕದಲ್ಲೇ ಇದೆ. ಮೂಲೆ ಬಂದಾಗ ನಾನೂ ತಿರುಗುತ್ತೇನೆ.