ಎನೆಲೇಸಿ ಎತ್ತಿದ ಕೆಂಪು ಬಟ್ಟೆ

"ಗುರುವಾರ ಗುರುವಾರ ಬರ್ತಿತ್ತು ಕಣಮ್ಮ ಆ ಡ್ರೋನು. ಹೊಳೆ ಅಳೆಯೋ ಕಂಬದ ಮೇಲೆ ಒಂದು ಮೊಳ ಎತ್ತರದಲ್ಲಿ ನಿಂತ್ಕೊಂಡು, ತಂತಿ ಇಲ್ಲ ಏನಿಲ್ಲ, ಕಂಬಕ್ಕೆ ಕಟ್ಟಿದ್ದ ಪೆಟ್ಟಿಗೆ ಬ್ಯಾಟರಿಗೆ ಕರೆಂಟು ತುಂಬ್ಸಿ ಹೋಗ್ತಿತ್ತು. ಹೊಳೆ ಏರಿದ್ರೆ ಆ ಪೆಟ್ಟಿಗೆ ಸೈರನ್ ಕೂಗೋದು. ಆಡು, ಮಕ್ಕಳು ಹತ್ರ ಬರದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ. ಬಿಳಿ ಬಟ್ಟೆ ಎತ್ತಿದ್ರೆ ಬಾ ಅಂತ, ಕೆಂಪು ಎತ್ತಿದ್ರೆ ಹೋಗು ಅಂತ. ಅವತ್ತು ಕೆಂಪು ಎತ್ತಿದೆ. ಯಾರೂ ಕೈ ಹಿಡಿದು ಎತ್ತಿಸ್ಲಿಲ್ಲ."

ಶಿರೇ ಹೊಳೆ ದಂಡೆಯ ಎನೆಲೇಸಿ ಕೇಳಿದವರಿಗೆಲ್ಲ ಹೇಳುವುದು ಇಷ್ಟೇ.

ಅವತ್ತು ಊರ ಯಜಮಾನ ಜಾಸ್ಟೆನಿಯ ತಾಯಿ ತೀರಿಕೊಂಡಿದ್ದಳು. ಹೆಣ ಎತ್ತುವ ತನಕ ಊರಲ್ಲಿ ಒನಕೆ ಸದ್ದು ಕೂಡ ಏಳಬಾರದು.

"ಅವ್ವ ಇನ್ನೂ ಮನೆಯೊಳಗೇ ಮಲಗವ್ಳೆ. ನಿನ್ನ ಜೇನುಹುಳ ಇವತ್ತು ಗುಂಯ್‌ಗುಡೋದು ಬೇಡ" ಎಂದ ಜಾಸ್ಟೆನಿ.

ಹಿಂದಿನ ವಾರ ಗಾಳಿಯ ದೆಸೆಯಿಂದ ಡ್ರೋನ್ ಬಂದಿರಲಿಲ್ಲ. ಪೆಟ್ಟಿಗೆಯ ದೀಪ ಮಂಕಾಗಿತ್ತು. ಇನ್ನೊಂದು ವಾರ ತಡೆದೀತು ಎಂದುಕೊಂಡು ಎನೆಲೇಸಿ ಕೆಂಪು ಬಟ್ಟೆ ಎತ್ತಿದಳು.

ಶನಿವಾರ ತಂಗಿ ಲೈನೆಸ್ಸಿ ಗುದ್ದಲಿ ಹಿಡಿದು ಹೊಳೆ ಪಕ್ಕದ ಗೆಣಸಿನ ಹೊಲಕ್ಕೆ ಹೊರಟಳು.

"ಮೇಲ್ಗಡೆ ಮೋಡ ಕಪ್ಪಾಗಿದೆ ಕಣೇ, ಹೋಗ್ಬೇಡ."

"ಸೈರನ್ ಕೂಗುತ್ತಲ್ಲಕ್ಕ, ಓಡಿ ಬರ್ತೀನಿ. ಆ ಪೆಟ್ಟಿಗೇನ ಊಟ ಕೇಳದ ಹೆಂಡ ಕೇಳದ ಅಳಿಯನ ಹಾಗೆ ಇಟ್ಕೊಂಡಿದ್ದೀಯ, ನಿಂಗೇ ಅವನ ಮೇಲೆ ನಂಬ್ಕೆ ಇಲ್ವಾ?"

ಪೆಟ್ಟಿಗೆಗೆ ಎರಡು ವಾರದಿಂದ ಕರೆಂಟು ತುಂಬಿಲ್ಲ ಎಂದು ಹೇಳಲು ಬಾಯಿ ತೆರೆದ ಎನೆಲೇಸಿ, ಸುಮ್ಮನೆ ಹೆದರಿಸುವುದೇಕೆಂದು ಮುಚ್ಚಿಕೊಂಡಳು. ಮಧ್ಯಾಹ್ನ ಹೊಳೆ ಏರಿತು. ಸೈರನ್ ಕೂಗಲಿಲ್ಲ.

ನೀರಿಳಿದ ಮೇಲೆ, ಬುಧವಾರ, ಲೈನೆಸ್ಸಿ ಜೊಂಡಿನಲ್ಲಿ ಸಿಕ್ಕಳು. ಕಂಬ ಮಾತ್ರ ಕೆಸರು ಮೆತ್ತಿಕೊಂಡು ನಿಂತೇ ಇತ್ತು.

ಮರುದಿನ ಗುರುವಾರ ಲೈನೆಸ್ಸಿಯ ಹೆಣ ಒಳಗಿತ್ತು, ಹೆಂಗಸರು ಚಾಪೆ ಮೇಲೆ ಕೂತಿದ್ದರು. ದೂರದಲ್ಲಿ ಡ್ರೋನ್ ಗುಂಯ್ ಎಂದಿತು. ಎಲ್ಲರೂ ನೆಲ ನೋಡಿದರು. ಜಾಸ್ಟೆನಿ ಬಂದು ಎನೆಲೇಸಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ತಪ್ಪು ನಂದು ತಾಯಿ. ಹೇಳಿದವ್ನು ನಾನು."

"ಹೇಳಿದ್ದು ನಿಮ್ಮ ಬಾಯಿ, ಮಾವ. ಎತ್ತಿದ್ದು ನನ್ನ ಕೈ."

"ಇವತ್ತು ಬಟ್ಟೆ ಎತ್ತೋಕೆ ಬೇರೆ ಯಾರನ್ನಾದ್ರೂ ಕಳಿಸ್ಲಾ?"

"ಬೇಡ."

ಅವಳೇ ಹೋಗಿ ಬಿಳಿ ಬಟ್ಟೆ ಎತ್ತಿದಳು. ಅರ್ಧ ಗಂಟೆ ಡ್ರೋನ್ ಕಂಬದ ಮೇಲೆ ನಿಂತಿತ್ತು. ಅದರ ಸದ್ದು ಲೈನೆಸ್ಸಿ ಮಲಗಿದ್ದ ಕೋಣೆಯವರೆಗೂ ಬಂತು. ಯಾರೂ ಬೇಡ ಎನ್ನಲಿಲ್ಲ.

ಪೆಟ್ಟಿಗೆಯ ದೀಪ ಹೊತ್ತಿದ ಮೇಲೆ ವಾಪಸು ಬಂದಳು. ಬಂದವರಿಗೆಂದು ಬೆಳಿಗ್ಗೆ ಗಂಜಿ ಕಾಯಿಸಿದ್ದ ದೊಡ್ಡ ಪಾತ್ರೆ ತಳ ಹಿಡಿದು ಅಂಗಳದಲ್ಲಿ ಬಿದ್ದಿತ್ತು. ಒಂದು ಹಿಡಿ ಮರಳು ಹಾಕಿ ಉಜ್ಜತೊಡಗಿದಳು.