ಗಿಡದಲ್ಲೇ ಅರಳಿದ ಡ್ಯಾಫೊಡಿಲ್

ಡ್ಯಾಫೊಡಿಲ್ ಮೊಗ್ಗು ಮೊದಲು ಪೆನ್ಸಿಲಿನಂತೆ ನೆಟ್ಟಗೆ ಏಳುತ್ತದೆ. ಅರಳುವ ಹೊತ್ತು ಹತ್ತಿರವಾದಾಗ ಕತ್ತು ಬಾಗಿಸಿ ಪಕ್ಕಕ್ಕೆ ತಿರುಗುತ್ತದೆ. ಅದನ್ನು ಸುತ್ತಿದ ಹಸಿರು ಪೊರೆ ಒಣಗಿ, ಒಂದು ಬದಿಯಲ್ಲಿ ಸೀಳುತ್ತದೆ. ಆ ಸೀಳಿನಲ್ಲಿ ಹಳದಿ ಕಂಡ ಸಂಜೆ ಅಮ್ಮ ಆಸ್ಪತ್ರೆಯ ಯೂನಿಫಾರ್ಮಿನಲ್ಲೇ ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನನ್ನನ್ನು ಕರೆದರು.

ಕುವೈತಿನ ಸಾಲ್ಮಿಯಾದಲ್ಲಿ ನಮ್ಮದು ಹಳೆಯ ಕಟ್ಟಡದ ನೆಲಮಹಡಿಯ ಮನೆ. ಅಡುಗೆಮನೆಯ ಹಿಂದಿನ ಸಣ್ಣ ಅಂಗಳದಲ್ಲಿ, ಗೋಡೆಯ ಬುಡದ ಒಂದು ಪಾತಿಯೇ ಅಮ್ಮನ ತೋಟ. ನಾನು ಓದು ಮುಗಿಸಿ ಆ ಊರಲ್ಲೇ ಕೆಲಸಕ್ಕೆ ಸೇರಿದ್ದೆ. ಡ್ಯಾಫೊಡಿಲ್ ಗಡ್ಡೆಗೆ ಕುವೈತಿನ ಚಳಿ ಸಾಲದು. ಅಮ್ಮ ಅದನ್ನು ಕಾಗದದ ಚೀಲದಲ್ಲಿ ಹಾಕಿ, ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇಟ್ಟು, ಆಮೇಲೆ ನೆಡುತ್ತಿದ್ದರು. ಮೊದಲ ವರ್ಷ ಬರೀ ಎಲೆ ಬಂತು. ಎರಡನೆಯ ವರ್ಷ ಮೊಗ್ಗು ಪೊರೆಯೊಳಗೇ ಒಣಗಿತು. ಹಣ್ಣಿನ ಜೊತೆ ಇಟ್ಟರೆ ಹಾಗಾಗುತ್ತದೆಂದು ಎಲ್ಲೋ ಓದಿ, ಮೂರನೆಯ ವರ್ಷ ಸೇಬುಗಳನ್ನು ಫ್ರಿಜ್ಜಿನಿಂದ ಹೊರಹಾಕಿದರು.

“ಸೇಬಿನ ಇಕಾಮಾ ಕ್ಯಾನ್ಸಲ್. ಇನ್ನು ಗಡ್ಡೆಗೆ ಮಾತ್ರ ಇಲ್ಲಿ ವಾಸಕ್ಕೆ ಪರ್ಮಿಶನ್,” ಎಂದರು ಅಪ್ಪ.

“ನಿಮ್ಮದೂ ಕ್ಯಾನ್ಸಲ್ ಮಾಡ್ತೇನೆ, ಸುಮ್ನೆ ಕೂತ್ಕೊಳ್ಳಿ,” ಎಂದರು ಅಮ್ಮ.

ಅಮ್ಮ ಹುಟ್ಟಿದ್ದು ಶಂಕರಪುರದ ಕಡೆ, ಮಲ್ಲಿಗೆ ಬೆಳೆಯುವ ಮನೆಯಲ್ಲಿ. ಅಲ್ಲಿ ಬಿಸಿಲೇರುವ ಮೊದಲೇ ಮೊಗ್ಗು ಕೊಯ್ದು, ಕಟ್ಟಿ, ಪೇಟೆಗೆ ಕಳಿಸುತ್ತಾರೆ. ಗಿಡದಲ್ಲಿ ಅರಳಿದ್ದೆಂದರೆ ಕೈತಪ್ಪಿದ ಹೂವು; ಅದಕ್ಕೆ ಮಕ್ಕಳು ಬೈಸಿಕೊಳ್ಳುತ್ತಿದ್ದರಂತೆ. ತಾವು ಸಾಕಿದ ಹೂವು ಗಿಡದಲ್ಲೇ ಅರಳುವುದನ್ನು ಒಮ್ಮೆ ನೆಮ್ಮದಿಯಿಂದ ನೋಡಬೇಕು, ಅಷ್ಟೇ ಅವರ ಆಸೆ. ಡ್ಯಾಫೊಡಿಲನ್ನು ಯಾರೂ ಮುಡಿಯುವುದಿಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ ಎನ್ನುತ್ತಿದ್ದರು.

ಆ ಮೂರನೆಯ ವರ್ಷ ನಾಲ್ಕು ಮೊಗ್ಗು ಬಂದಿದ್ದವು. ಹಳದಿ ಕಂಡ ಮರುದಿನ ಶುಕ್ರವಾರ, ಮೂವರಿಗೂ ರಜೆ. ಆಕಾಶ ಆಗಲೇ ಕಂದಾಗಿತ್ತು. “ಮಧ್ಯಾಹ್ನ ದೊಡ್ಡ ತೋಜ್ ಉಂಟಂತೆ,” ಎಂದು ಅಪ್ಪ ಧೂಳು ನುಗ್ಗದ ಹಾಗೆ ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕತೊಡಗಿದರು. ನಾನು ಕತ್ತರಿ ತಂದೆ.

“ಈಗ್ಲೇ ಕೊಯ್ದು ನೀರಲ್ಲಿಟ್ರೆ ಒಳಗೇ ಅರಳ್ತದೆ ಅಮ್ಮ. ಬಿಟ್ರೆ ಗಾಳಿಗೆ ಹೋಗ್ತದೆ.”

ನಾನು ಹೇಳಿದ್ದು ಸರಿಯೆಂದು ಅಮ್ಮನಿಗೂ ಗೊತ್ತಿತ್ತು. ಅವರ ಹೆಬ್ಬೆರಳು, ತೋರುಬೆರಳು ಮೊಗ್ಗಿನ ಬುಡಕ್ಕೆ ತಾವಾಗಿಯೇ ಹೋದವು. ಅಲ್ಲೇ ನಿಂತವು.

“ಬೇಡ ಮಗಾ. ಹೋದ್ರೆ ಹೋಗ್ಲಿ. ಕೊಯ್ಯುದು ಮಾತ್ರ ಬೇಡ.”

“ಹೋದ್ರೆ ಬರುವ ವರ್ಷವೂ ನನಗೆ ಸೇಬಿಲ್ಲ,” ಎಂದು ಗೊಣಗುತ್ತಲೇ ಅಪ್ಪ ಬಟ್ಟೆ ಒಣಗಿಸುವ ಸ್ಟ್ಯಾಂಡ್ ತಂದು ಪಾತಿಯ ಮೇಲೆ ನಿಲ್ಲಿಸಿದರು. ಅಮ್ಮ ಅದರ ಮೇಲೆ ಒದ್ದೆ ಬೆಡ್‌ಶೀಟ್ ಹೊದಿಸಿ, ಅಂಚಿಗೆ ಕಲ್ಲುಗಳನ್ನು ಹೇರಿದರು. ಅಮ್ಮನ ಜಾಗದಲ್ಲಿ ನಾನಿದ್ದರೆ, ಬಾಲ್ಯದಿಂದ ಕೈಗೆ ಕೂತ ಕೆಲಸವನ್ನು, ಮಾಡಲು ಸರಿಯಾದ ಕಾರಣವೂ ಇದ್ದಾಗ, ಮಾಡದೆ ಬಿಡುವುದು ನನ್ನಿಂದ ಆಗುತ್ತಿರಲಿಲ್ಲ.

ಧೂಳು ಬಂತು; ಎದುರಿನ ಕಟ್ಟಡ ಕಾಣದಾಯಿತು. ಸಂಜೆ ಗಾಳಿ ನಿಂತ ಮೇಲೆ ಬೆಡ್‌ಶೀಟ್ ಎತ್ತಿದೆವು. ಒಂದು ದಂಟು ಮುರಿದಿತ್ತು. ಉಳಿದ ಮೂರೂ ಮೊಗ್ಗಾಗಿಯೇ ನಿಂತಿದ್ದವು.

ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೊರಟ ಅಮ್ಮ ಅಂಗಳದಲ್ಲಿ ನಿಂತುಬಿಟ್ಟಿದ್ದರು. ಒಂದು ಹೂವು ಅರ್ಧ ಅರಳಿತ್ತು: ಮೂರು ಎಸಳು ಹಿಂದಕ್ಕೆ ಬಾಗಿದ್ದವು, ಇನ್ನು ಮೂರು ನಡುವಿನ ಬಟ್ಟಲನ್ನು ಇನ್ನೂ ಬಿಟ್ಟಿರಲಿಲ್ಲ. ಅಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಹೊರಗೆ ಆಸ್ಪತ್ರೆಯ ಬಸ್ಸು ಹಾರ್ನ್ ಹೊಡೆಯಿತು.

“ಬಂದೆ, ಬಂದೆ,” ಎಂದರು. ಕದಲಲಿಲ್ಲ.

ನಾನು ಮನೆಯ ಬಟ್ಟೆಯಲ್ಲೇ ರಸ್ತೆಗೆ ಓಡಿ, “ಭಾಯಿ, ಪಾಂಚ್ ಮಿನಿಟ್,” ಎಂದೆ. ಡ್ರೈವರ್ ಯಾಕೆಂದು ಕೇಳಿದ. ಕಿಟಕಿಗಳಲ್ಲಿದ್ದ ನರ್ಸುಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ಬಸ್ಸು ಹೊರಡದ ಹಾಗೆ ಅದರ ಬಾಗಿಲು ಹಿಡಿದು ನಿಂತೆ.