ಬದನೆಕಾಯಿ ಹಾಡಿದ ಹಾಡು

ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ರಸ್ತೆಯಲ್ಲಿ ತಿರುಮಲೇಶನ ಅಂಗಡಿ. ಶಾಲೆ ಮಕ್ಕಳಿಗೂ ದೊಡ್ಡವರಿಗೂ ವೇಷದ ಬಟ್ಟೆಗಳನ್ನು ಬಾಡಿಗೆಗೆ ಕೊಡುತ್ತಾನೆ. ನಾನು ಪಕ್ಕದ ಮನೆಯವಳು. ಕಿತ್ತುಹೋದ ಹುಕ್ಕು, ಗುಂಡಿ ಹಾಕಿಕೊಡುತ್ತಾ ಅಲ್ಲೇ ಕೂತಿರುತ್ತೇನೆ. ಅವನ ಮಗಳು ತನ್ಮಯಿ ಬಟ್ಟೆ ಮಡಚುತ್ತಲೇ ಹಾಡು ಕಟ್ಟುತ್ತಿದ್ದಳು. ಹೊಸ ಸಾಲು ಹುಟ್ಟಿದರೆ ಮೊದಲು ನನ್ನ ಕಿವಿಗೇ ಬೀಳುತ್ತಿತ್ತು.

ಬಸ್ ಸ್ಟಾಪಿನಲ್ಲಿ ಬಾರದವನಿಗಾಗಿ ಕಾಯುವ ಹುಡುಗಿಯ ಹಾಡೊಂದಿತ್ತು. ‘ಬಸ್ಸು ಬಂತು, ನೀನು ಬರಲಿಲ್ಲ’ ಎಂದು ಅದರ ಶುರು. ಕೇಳಿದರೆ ನನ್ನ ಕೈಯಲ್ಲಿನ ಸೂಜಿ ನಿಲ್ಲುತ್ತಿತ್ತು. ಆದರೆ ಬಿಟಿಎಂ ಲೇಔಟಿನ ಕೆಫೆಗಳಲ್ಲಿ ಅವಳು ಗಿಟಾರ್ ಹಿಡಿದು ಹಾಡಿದರೆ ಯಾರೂ ತಲೆ ಎತ್ತುತ್ತಿರಲಿಲ್ಲ.

“ಎಲ್ಲಾ ನೂಡಲ್ಸ್ ಕಡೆ ನೋಡ್ತಾರೆ ಅಜ್ಜಿ. ಒಬ್ಬರಾದ್ರೂ ನನ್ನ ಹಾಡು ಪೂರ್ತಿ ಕೇಳಲಿ, ಸಾಕು,” ಎನ್ನುತ್ತಿದ್ದಳು.

ಒಂದು ಶನಿವಾರ ರಾಣಿಯ ವೇಷದಲ್ಲಿ ಹಾಡುತ್ತೇನೆಂದು ಅಪ್ಪನನ್ನು ಒಪ್ಪಿಸಿದಳು. ನಾನೂ ಜೊತೆಗೆ ಕೆಫೆಗೆ ಹೋದೆ. ಅಲ್ಲಿ ಚೀಲ ಬಿಚ್ಚಿದರೆ ಬದನೆಕಾಯಿ. ಯಾವುದೋ ಊಟದ ಹೋಟೆಲಿನವರು ಬಾಗಿಲಲ್ಲಿ ನಿಲ್ಲಿಸಲು ಕೇಳಿದ್ದ, ಆಳೆತ್ತರದ, ಹೊಟ್ಟೆ ಉಬ್ಬಿದ, ತಲೆಗೆ ಹಸಿರು ತೊಟ್ಟಿನ ಬದನೆಕಾಯಿ. ರಾಣಿ ಆ ಹೋಟೆಲಿಗೆ ಹೋಗಿದ್ದಳು.

“ಎರಡೂ ಒಂದೇ ಬಣ್ಣದ ಚೀಲ ಕಣಮ್ಮ, ಏನ್ಮಾಡ್ಲಿ. ಅವರೂ ಬೈತಾ ಇದಾರೆ,” ಎಂದ ತಿರುಮಲೇಶ ಫೋನಿನಲ್ಲಿ.

“ಮನೆಯಿಂದ ಹಾಕ್ಕೊಂಡು ಬಂದಿರೋ ಬಟ್ಟೇಲೇ ಹಾಡ್ಬಿಡು ಮಗಾ,” ಎಂದ ಅವಳ ಗೆಳೆಯ ರೇವಂತ್.

“ಅದನ್ನ ಮಾಡಿ ನೋಡಾಯ್ತಲ್ಲ. ಅಜ್ಜಿ, ಜಿಪ್ ಎಳೀರಿ.”

ಹೊಟ್ಟೆ ಅಡ್ಡ ಬಂದು ಗಿಟಾರಿಗೆ ಕೈ ಎಟುಕಲಿಲ್ಲ. ಅದನ್ನು ರೇವಂತ್ ನುಡಿಸಿದ. ಬರಿದಾದ ಕೈಗಳಿಗೆ ಅವಳು ಬೇರೆ ಕೆಲಸ ಕೊಟ್ಟಳು. ಹಣೆಗೆ ಕೈಯಿಟ್ಟು ಬಸ್ಸಿನ ದಾರಿ ನೋಡಿದಳು, ಇಳಿಯುವವರಲ್ಲಿ ಅವನನ್ನು ಹುಡುಕಿದಳು. ಜನ ಬಿದ್ದು ಬಿದ್ದು ನಕ್ಕರು. ಎರಡನೇ ಚರಣಕ್ಕೆ ನಗು ತಗ್ಗಿತು. ಮೂರನೆಯದಕ್ಕೆ ಚಮಚದ ಸದ್ದೂ ಇರಲಿಲ್ಲ.

ಯಾರೋ ತೆಗೆದ ಮೊದಲ ಚರಣದ ವಿಡಿಯೊ ಊರೆಲ್ಲ ಓಡಾಡಿತು. ಆಮೇಲೆ ಹಾಡಿಗೊಂದು ವೇಷ: ಕರಡಿ, ಚಂದ್ರ, ಪೋಸ್ಟ್ ಡಬ್ಬಿ. ದೊಡ್ಡ ದೊಡ್ಡ ಸಭಾಂಗಣಗಳು ತುಂಬಿದವು, ಪೇಪರಿನಲ್ಲಿ ಬಣ್ಣದ ಫೋಟೊ ಬಂತು. ತಿರುಮಲೇಶ ಅದನ್ನು ಅಂಗಡಿಯ ಗಾಜಿಗೆ ಅಂಟಿಸಿ, “ಬಟ್ಟೆ ಒಗೆದು ವಾಪಸ್ ಕೊಟ್ರೆ ಇನ್ನೂ ಫೇಮಸ್ ಆಗ್ತಾಳೆ,” ಎಂದ. ವೇಷ ಕಳಚಿದರೆ ಮಾತ್ರ ಅವಳನ್ನು ಯಾರೂ ಗುರುತು ಹಿಡಿಯುತ್ತಿರಲಿಲ್ಲ.

“ಈಗ ಎಲ್ಲರೂ ನೋಡ್ತಾರೆ ಅಜ್ಜಿ. ಕೇಳ್ತಾರಾ?” ಎಂದಳು ಒಂದು ದಿನ.

ಮೊನ್ನೆ ಒಂದು ಪುಟ್ಟ ಹುಡುಗಿ ಅಮ್ಮನ ಜೊತೆ ಚಿಟ್ಟೆಯ ವೇಷ ಕೇಳಿಕೊಂಡು ಬಂದಿತ್ತು. ತನ್ಮಯಿ ಪರದೆಯ ಹಿಂದೆ ಗೂಬೆಯ ವೇಷ ಹಾಕಿ ನೋಡುತ್ತಿದ್ದಳು. ನಾನು ರೆಕ್ಕೆ ಕಟ್ಟುವಾಗ ಮಗು ತನ್ನಷ್ಟಕ್ಕೆ ‘ಬಸ್ಸು ಬಂತು’ ಎಂದು ಹಾಡತೊಡಗಿತು. ವಿಡಿಯೊದಲ್ಲಿರುವುದು ಮೊದಲ ಚರಣ ಮಾತ್ರ. ಪೂರ್ತಿ ಹಾಡು ಬೇಕೆಂದರೆ ಹುಡುಕಿ ಕೇಳಬೇಕು. ಈ ಮಗು ಎರಡು ಚರಣ ದಾಟಿ ಮೂರನೆಯದಕ್ಕೂ ಬಂತು, ಕೊನೆಯ ಸಾಲಿನಲ್ಲಿ ತಡವರಿಸಿತು.

‘ಕೊನೇ ಬಸ್ಸಿಗೆ ನಾನೇ ಹತ್ತಿದೆ’ ಎಂದು ಪರದೆಯ ಹಿಂದಿನಿಂದ ಆ ಸಾಲು ಬಂತು.

ಮಗು ಪರದೆ ಸರಿಸಿತು. ಗೂಬೆಯೊಳಗೆ ಒಂದೇ ಕಾಲು ತೂರಿಸಿ, ಕೂದಲು ಕೆದರಿ ನಿಂತಿದ್ದವಳನ್ನು ಮೇಲಿಂದ ಕೆಳಗೆ ನೋಡಿತು.

“ಆಂಟಿ, ನಿಮಗೂ ಈ ಹಾಡು ಬರುತ್ತಾ?”

“ಸ್ವಲ್ಪ ಸ್ವಲ್ಪ ಬರುತ್ತೆ. ನೀನು ಹೇಳ್ಕೊಡು, ಮೊದಲಿಂದ,” ಎಂದು ತನ್ಮಯಿ ನೆಲದ ಮೇಲೆ ಕೂತಳು.